ಹಲ್ಲಿನಲ್ಲಿ ಹಿಡಿದ ನೂಲು

ಸಂಜೆಯ ಬೆಳಕು ಹೊಳೆಯ ಮೇಲಿಂದ ಪೂರ್ತಿ ಎದ್ದುಹೋಗುವ ಮೊದಲೇ ಆ ಸದ್ದು ಶುರುವಾಗುತ್ತದೆ. ಟಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಣ್, ಆಮೇಲೆ ತಗಡಿನ ಇಳಿಜಾರಿನಲ್ಲಿ ಏನೋ ಗರಗರ ಉರುಳಿ ಮರಳಿಗೆ ಮೆತ್ತಗೆ ಬೀಳುತ್ತದೆ.

ಉದ್ಯಾವರದ ಹೊಳೆ ಬದಿಯಲ್ಲಿ ಪುತ್ತುಬ್ಬ ಬ್ಯಾರಿಯವರ ಬಲೆ ಕೊಟ್ಟಿಗೆಗೆ ತಗಡಿನ ಮಾಡು. ಅದರ ಮೇಲೆ ಒಂದು ಹೊನ್ನೆಮರ ಬಾಗಿದೆ. ಬಾವಲಿಗಳು ಬಂದು ಹೊನ್ನೆಕಾಯಿಯ ಮೇಲಿನ ತಿರುಳು ತಿಂದು ಗಟ್ಟಿ ಬೀಜವನ್ನು ಕೆಳಗೆ ಬಿಡುತ್ತವೆ. ಬೆಳಿಗ್ಗೆ ಅವರ ಹೆಂಡತಿ ನಬೀಸಾ ಅವನ್ನು ಆರಿಸಿ ಒಣಗಿಸುತ್ತಿದ್ದರು. ಗಾಣಕ್ಕೆ ಕೊಟ್ಟರೆ ದೀಪದ ಎಣ್ಣೆ. ಮಗ್ರಿಬಿನ, ಅಂದರೆ ಮುಸ್ಸಂಜೆಯ ನಮಾಜಿನ, ಬಾಂಗಿಗೂ ಮೊದಲ ಟಣ್‌ಗೂ ಹೆಚ್ಚು ಅಂತರ ಇರುತ್ತಿರಲಿಲ್ಲ. ಮೂವತ್ತು ವರ್ಷ ಆ ಮನೆಯಲ್ಲಿ ಅದು ದೀಪ ಹಚ್ಚುವ ಹೊತ್ತು ಎಂದಷ್ಟೇ ಅರ್ಥ.

ಎಂಬತ್ಮೂರರ ಬೇಸಿಗೆಯಲ್ಲಿ ಮಾತ್ರ ಆ ಸದ್ದಿಗೆ ಪುತ್ತುಬ್ಬ ಬೆಚ್ಚಿ ಬೀಳತೊಡಗಿದರು.

ಅವರಿಗೆ ಆಗ ಐವತ್ತೆಂಟು. ಬಲೆ ಹೆಣೆಯುವುದನ್ನೂ ಹರಿದ ಬಲೆ ರಿಪೇರಿ ಮಾಡುವುದನ್ನೂ ತಂದೆಯಿಂದ ಕಲಿತವರು. ಎಡಗೈಯಲ್ಲಿ ಬಲೆ, ಬಲಗೈಯಲ್ಲಿ ಬಿದಿರಿನ ಸೂಜಿ. ನೂಲನ್ನು ಎಳೆದು ಹಿಡಿಯುವುದಕ್ಕೆ, ಗಂಟು ಬಿಗಿದ ಮೇಲೆ ಕಡಿಯುವುದಕ್ಕೆ ಬಾಯಿ. “ಸೃಷ್ಟಿಸಿದವನು ನಮಗೆ ಮೂರು ಕೈ ಕೊಟ್ಟಿದ್ದಾನೆ” ಎಂದು ಅವರು ನಗುತ್ತಿದ್ದರು. ಹತ್ತಿ ನೂಲು ಹೋಗಿ ನೈಲಾನ್ ಬಂದ ಮೇಲೆ ಮುಂದಿನ ಎರಡು ಹಲ್ಲುಗಳ ತುದಿಯಲ್ಲಿ ಒಂದೊಂದು ಗೆರೆ ಸವೆದಿತ್ತು. ಎಲೆಅಡಿಕೆಯ ಕೆಂಪಿನ ನಡುವೆ ಆ ಗೆರೆಗಳು ಕಪ್ಪಗೆ ಕಾಣುತ್ತಿದ್ದವು. ಇಲ್ಲಿಂದ ಎರ್ಮಾಳ್‌ವರೆಗೆ ಬಲೆ ಕೆಲಸದ ಹಳಬರನ್ನು ಹಲ್ಲು ನೋಡಿಯೇ ಗುರುತಿಸಬಹುದು.

ಬೇಸಿಗೆಯಲ್ಲಿ ಅವರು ಕಾರ್ಕಳದ ಕಡೆ ಮಾವಿನ ಮರಗಳನ್ನು ಗುತ್ತಿಗೆಗೆ ಹಿಡಿಯುತ್ತಿದ್ದರು. ಬಾವಲಿಗಳಿಂದ ಹಣ್ಣು ಉಳಿಸಲು ಮರಕ್ಕೆ ಹಳೆಯ ಬಲೆ ಹೊದಿಸುವುದು ಅವರ ಪದ್ಧತಿ. ಬಲೆಗೆ ಸಿಕ್ಕಿಬಿದ್ದ ಬಾವಲಿಯನ್ನು ಬೇರೆಯವರು ದೊಣ್ಣೆಯಿಂದ ಹೊಡೆದು ಎಸೆಯುತ್ತಾರೆ. ಪುತ್ತುಬ್ಬ ಬೆಳಿಗ್ಗೆ ಮರ ಹತ್ತಿ ಒಂದೊಂದನ್ನೂ ಬಿಡಿಸಿ ಹಾರಲು ಬಿಡುತ್ತಿದ್ದರು. ತಿನ್ನಲಿಕ್ಕಾಗದ್ದನ್ನು ಯಾಕೆ ಕೊಲ್ಲುವುದು ಎಂಬುದು ಅವರ ಲೆಕ್ಕ. ಬಲೆಯಿಂದ ಜೀವಂತ ಬಾವಲಿ ತೆಗೆಯಬಲ್ಲವರು ಎಂಬ ಹೆಸರು ಹೀಗೆ ಅವರಿಗೆ ಬಂತು. ಆ ಹೆಸರನ್ನು ಕೇಳಿಕೊಂಡೇ ಏಪ್ರಿಲ್‌ನ ಒಂದು ಮಧ್ಯಾಹ್ನ ಜೀಪು ಬಂದು ಹೈವೇ ಬದಿಯ ಭುಜಂಗನ ಹೋಟೆಲಿನ ಮುಂದೆ ನಿಂತಿತು.

ಇಳಿದವರು ಮೌರಿಸ್. ಕಾರ್ಕಳದ ಕ್ರೈಸ್ತರು, ನಲವತ್ತರ ಆಸುಪಾಸು. ವೈರಸ್ ಪರೀಕ್ಷೆಯ ತಂಡವೊಂದರಲ್ಲಿ ಟೆಕ್ನೀಶಿಯನ್. ಆ ವರ್ಷ ಬೆಳ್ತಂಗಡಿ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸೊಪ್ಪಿಗೆ, ಸೌದೆಗೆ ಹೋದವರಿಗೆ ಜ್ವರ ಬರುತ್ತಿತ್ತು. ಮಂಗನ ಕಾಯಿಲೆ ಎಂಬ ಮಾತು ಪೇಪರಿನಲ್ಲಿ ದಿನಾ ಇರುತ್ತಿತ್ತು. ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಪುತ್ತುಬ್ಬರ ಎದುರು ಕೂತು ಮೌರಿಸ್, ಪರೀಕ್ಷೆಗೆ ಬಾವಲಿ ಹಿಡಿದುಕೊಡಬೇಕು ಎಂದರು.

“ಅಲ್ಲ ಪೊರ್ಬುಗಳೇ, ಮಂಗನ ಕಾಯಿಲೆಗೆ ಬಾವಲಿ ಎಂತಕ್ಕೆ?” ಎಂದರು ಪುತ್ತುಬ್ಬ. ಊರಿನಲ್ಲಿ ಕ್ರೈಸ್ತರನ್ನು ಕರೆಯುವುದು ಹಾಗೆಯೇ.

“ಮಂಗ ಸಾಯದ ತಿಂಗಳುಗಳಲ್ಲಿ ರೋಗ ಎಲ್ಲಿ ಅಡಗಿ ಕೂತಿರ್ತದೆ ಅಂತ ಗೊತ್ತಿಲ್ಲ” ಎಂದರು ಮೌರಿಸ್. “ಇಲಿ ನೋಡಿ ಆಯ್ತು, ಹಕ್ಕಿ ನೋಡಿ ಆಯ್ತು. ಈಗ ಬಾವಲಿ. ಕೊಲ್ಲುವುದಿಲ್ಲ. ಸ್ವಲ್ಪ ರಕ್ತ ತೆಗೆದು ಬಿಡುವುದು.”

“ರಕ್ತದಲ್ಲಿ ರೋಗ ಕಾಣ್ತದಾ?”

“ರೋಗ ಅಲ್ಲ, ರೋಗದ ಗುರುತು. ಪ್ರತಿಕಾಯ ಅಂತ ಹೇಳ್ತಾರೆ. ಈಗ ನಿಮ್ಮ ಹಲ್ಲಿನ ಗೆರೆ ಉಂಟಲ್ಲ, ಹಾಗೆ. ಈ ಹೊತ್ತು ಬಾಯಲ್ಲಿ ನೂಲಿಲ್ಲ. ಆದರೆ ಒಂದು ಕಾಲದಲ್ಲಿ ಇತ್ತು ಅಂತ ನೋಡಿದವರಿಗೆ ಗೊತ್ತಾಗ್ತದೆ ಅಲ್ವಾ?”

ಭುಜಂಗ ಚಾ ಎತ್ತಿ ಹೊಯ್ಯುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದ: “ಆಯ್ತು ಬ್ಯಾರಿಗಳೇ, ಐವತ್ತೆಂಟಕ್ಕೆ ಎಲ್ಲರೂ ರಿಟೈರ್ ಆಗ್ತಾರೆ, ನಿಮಗೆ ಗವರ್ಮೆಂಟು ಕೆಲಸ ಸಿಕ್ಕಿತು! ಬಾವಲಿ ಆಫೀಸರ್! ಇನ್ನು ನಾವು ಎದ್ದು ನಿಲ್ಲಬೇಕೋ ಏನೋ.”

“ಎದ್ದು ನಿಲ್ಲುವುದು ಬೇಡ ಮಾರಾಯ, ಬಾವಲಿ ಹಾಗೆ ತಲೆಕೆಳಗೆ ನೇತಾಡು, ಸಾಕು” ಎಂದರು ಪುತ್ತುಬ್ಬ. ಹೋಟೆಲಿಗೆ ಹೋಟೆಲೇ ನಕ್ಕಿತು. ಅವರು ಒಪ್ಪಿಕೊಂಡದ್ದು ಆ ನಗೆಯೊಳಗೇ.

ಆ ಕಾಲಕ್ಕೆ ಮನೆಯಲ್ಲಿ ಮಗಳು ಝೈನಬ್ ಇದ್ದಳು. ದಿನ ತುಂಬಿದ ಬಸುರಿ. ಅವಳ ಗಂಡ ದುಬೈಯಲ್ಲಿ, ಪುತ್ತುಬ್ಬರಿಗೆ ಗಂಡುಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಅವಳ ಮೊದಲ ಮಗು ಉಸಿರಿಲ್ಲದೆ ಹುಟ್ಟಿತ್ತು. ಹುಟ್ಟಿದ ಮಗುವಿನ ಬಲಗಿವಿಗೆ, ಲೋಕದ ಬೇರೆ ಮಾತು ಬೀಳುವ ಮೊದಲು, ಮನೆಯ ಗಂಡಸೊಬ್ಬ ಬಾಂಗ್ ಹೇಳುವುದು ಕ್ರಮ. ಅಂದು ಪುತ್ತುಬ್ಬ ವುಳೂ ಮಾಡಿ, ನಮಾಜಿಗೆ ತೊಳೆಯುವಂತೆ ಕೈ ಕಾಲು ಮುಖ ತೊಳೆದು, ಬಾಗಿಲ ಬಳಿ ನಿಂತಿದ್ದರು. ಅವರನ್ನು ಒಳಗೆ ಕರೆಯಲೇ ಇಲ್ಲ. ಒದ್ದೆ ಕೈ ಹಾಗೆಯೇ ಒಣಗಿತು.

“ಈ ಸಲ ನೀವೇ ಹೇಳಬೇಕು, ಉಪ್ಪ” ಎಂದು ಝೈನಬ್ ಬಂದ ದಿನವೇ ಹೇಳಿದ್ದಳು. “ನನಗೆ ಆ ಸ್ವರ ಕೇಳಬೇಕು. ಕೇಳಿದರೆ ಮಗು ಉಂಟು ಅಂತ ನಂಬ್ತೇನೆ.”

“ಹೇಳ್ತೇನೆ, ಮಗಳೇ” ಎಂದಿದ್ದರು ಅವರು. ಅದು ಕೊಟ್ಟ ಮಾತು.

*

ಕಾರ್ಕಳದಿಂದ ಬಜಗೋಳಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಗೋಳಿಮರ. ಬಾವಲಿಗಳು ನಸುಕಿನಲ್ಲಿ ಅಲ್ಲಿಗೆ ಮರಳುತ್ತವೆ. ಎರಡು ಅಡಿಕೆಮರದ ಕಂಬಗಳ ನಡುವೆ ಪುತ್ತುಬ್ಬ ಬಲೆ ಏರಿಸಿದರು. ಪೂರ್ವದಲ್ಲಿ ಘಟ್ಟದ ಅಂಚು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಆಕಾಶದ ತುಂಡುಗಳು ಕಳಚಿ ಬರುವಂತೆ ಅವು ಬಂದವು. ಬಲೆ ಕಾಣದೆ ಒಂದೊಂದಾಗಿ ಅದರೊಳಗೆ ಮಡಚಿಕೊಂಡವು.

ಮೌರಿಸ್ ಮೊದಲೇ ಎಲ್ಲ ಹೇಳಿದ್ದರು. ಗ್ಲೌಸ್ ತೆಗೆಯಬಾರದು. ಬಾಯಿಗೆ, ಕಣ್ಣಿಗೆ ಕೈ ಹಾಕಬಾರದು. ಎಲೆಅಡಿಕೆ ಬೇಡ. ಪುತ್ತುಬ್ಬ ತಲೆಯಾಡಿಸಿ, ದೊಡ್ಡ ರಬ್ಬರ್ ಗ್ಲೌಸಿನೊಳಗೆ ಕೈ ತೂರಿಸಿ, ಬಾಯಲ್ಲಿದ್ದುದನ್ನು ಉಗಿದು ಬಂದಿದ್ದರು. ಹದಿನಾರು ಬಾವಲಿಗಳವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಅವರು ಬಿಡಿಸಿ ಬಟ್ಟೆಚೀಲಕ್ಕೆ ಹಾಕಿ ಕೊಡುವುದು. ಮೌರಿಸ್ ಜೀಪಿನ ಹಿಂಬದಿಯಲ್ಲಿ ಕೂತು ರೆಕ್ಕೆಯ ನರದಿಂದ ರಕ್ತ ತೆಗೆದು, ಬಾಟಲಿಗೆ ನಂಬರ್ ಹಚ್ಚಿ, ಮೈಮೇಲಿನ ಉಣ್ಣಿ ಹುಡುಕಿ, ಹಾರಲು ಬಿಡುವುದು.

ಹದಿನೇಳನೆಯದು ಹೆಣ್ಣು. ನೂಲು ಕುತ್ತಿಗೆಗೆ ಎರಡು ಸುತ್ತು ಬಿದ್ದಿತ್ತು. ಎದೆಗೆ ಮರಿ ಕಚ್ಚಿಕೊಂಡಿತ್ತು, ಕಣ್ಣು ಬಿಟ್ಟಿದ್ದ, ಅಂಗೈಯಷ್ಟು ಮರಿ. ತಾಯಿ ಹೊರಳಿದಷ್ಟೂ ನೂಲು ಮರಿಯ ಮೇಲೆ ಬಿಗಿಯುತ್ತಿತ್ತು. ಗ್ಲೌಸಿನ ಬೆರಳಿಗೆ ನೂಲು ಸಿಗುತ್ತಿಲ್ಲ. ಪುತ್ತುಬ್ಬ ಬಲಗೈಯ ಗ್ಲೌಸ್ ಎಳೆದು ಬಿಸಾಡಿದರು. ಎಡಗೈ ತಾಯಿಯ ತಲೆಯ ಹಿಂದೆ, ಬಲಗೈ ಮರಿಯ ಕೆಳಗೆ. ಮುಖ ತಾನಾಗಿ ಬಾಗಿತು. ನೂಲು ಹಲ್ಲಿನ ಗೆರೆಯಲ್ಲಿ ತನ್ನ ಜಾಗಕ್ಕೆ ಹೋಗಿ ಕೂತಿತು. ಒಂದು ಎಳೆತ, ಒಂದು ಕಡಿತ. ತಾಯಿ ಉಸಿರೆಳೆದುಕೊಂಡಿತು.

ಬಾಯಲ್ಲಿ ಉಪ್ಪು.

ಅವರು ನೂಲಿನ ತುಂಡನ್ನು ಅಂಗೈಗೆ ಉಗಿದು ನೋಡಿದರು. ಅದು ಕೆಂಪಾಗಿತ್ತು. ಎಲೆಅಡಿಕೆಯ ಕೆಂಪೋ, ಬಾವಲಿಯ ಕುತ್ತಿಗೆಯ ರಕ್ತವೋ ತಿಳಿಯಲಿಲ್ಲ. ಬಾವಲಿ ಅವರನ್ನೇ ನೋಡುತ್ತಿತ್ತು. ನಾಯಿಯ ಮುಖ, ಜೇನಿನ ಬಣ್ಣದ ಕಣ್ಣು. ಅವರು ನೆಲದಿಂದ ಗ್ಲೌಸ್ ಎತ್ತಿ ಮತ್ತೆ ಹಾಕಿಕೊಂಡರು. ಚೀಲ ಕೊಂಡೊಯ್ದು ಕೊಟ್ಟರು. ಮೌರಿಸ್ ತಲೆ ಎತ್ತದೆ ಬಾಟಲಿಯ ಮೇಲೆ ಬರೆದರು: 17. ಬಸ್ಸಿನ ನಂಬರ್ ಓದಿ ಕಲಿತ ಅಂಕೆಗಳು ಪುತ್ತುಬ್ಬರಿಗೆ ಚೆನ್ನಾಗಿ ಗೊತ್ತಿದ್ದವು.

ಹೇಳಬೇಕೆಂದು ಬಾಯಿ ತೆರೆದರು. ಹೇಳಿದರೆ ಆಸ್ಪತ್ರೆಗೆ ಹಾಕಿಯಾರು. ಸುದ್ದಿ ತಮಗಿಂತ ಮೊದಲು ಉದ್ಯಾವರ ಮುಟ್ಟೀತು. ಹೆರಿಗೆ ಮಾಡಿಸಲು ಕಾಪುವಿನಿಂದ ಬರಬೇಕಾದ ಸೂಲಗಿತ್ತಿ ರುಕಿಯಮ್ಮ ಆ ಮನೆಯ ಮೆಟ್ಟಿಲು ಹತ್ತಿಯಾರೇ? ಅವರು ಬಾಯಿ ಮುಚ್ಚಿದರು. ಕುಡಿಯಲು ತಂದ ನೀರಿನಲ್ಲಿ ಏಳು ಸಲ ಮುಕ್ಕಳಿಸಿದರು. ಉಪ್ಪು ಹೋಗಲಿಲ್ಲ.

*

ಜ್ವರ ಬಂದರೆ ಹೇಗೆ ಬರುತ್ತದೆಂದು ಅವರು ಹೋಟೆಲಿನಲ್ಲಿ ಪೇಪರ್ ಓದಿಸಿಕೊಂಡು ತಿಳಿದುಕೊಂಡರು. ಮೊದಲು ತಲೆನೋವು, ಸೊಂಟನೋವು. ಕೆಲವರಿಗೆ ಆಮೇಲೆ ಒಸಡಿನಿಂದ, ಮೂಗಿನಿಂದ ರಕ್ತ. ವಾರದೊಳಗೆ, ಕೆಲವೊಮ್ಮೆ ಇನ್ನೂ ಸ್ವಲ್ಪ ತಡವಾಗಿ.

ಆ ದಿನದಿಂದ ಅವರು ಬಲೆ ಕೊಟ್ಟಿಗೆಯಲ್ಲಿ ಮಲಗತೊಡಗಿದರು. ತಮ್ಮ ಬಟ್ಟಲು, ತಮ್ಮ ಚೊಂಬು ಬೇರೆ ಇಟ್ಟುಕೊಂಡರು. ಊಟವನ್ನು ಹೊರಗಿನ ಜಗಲಿಗೆ ತರಿಸಿಕೊಂಡರು. ಸೆಖೆ ಎಂದರು. ಬೆಳಕು ಹರಿದೊಡನೆ ಹೊಳೆಗೆ ಇಳಿದು, ಬೆರಳಿನಿಂದ ಒಸಡು ತಿಕ್ಕಿ, ಬಿಳಿಯ ಚಿಪ್ಪಿನೊಳಗೆ ಉಗಿದು ಬಣ್ಣ ನೋಡುತ್ತಿದ್ದರು. ಸಂಜೆ ಹೊನ್ನೆಬೀಜ ತಗಡಿಗೆ ಬಿದ್ದಾಗ ಎದ್ದು ಕೂರುತ್ತಿದ್ದರು. ಬಾವಲಿಗಳು ಮೇಲೆ ತಿನ್ನುತ್ತಿವೆ. ತಿಂದದ್ದು ಕೆಳಗೆ ಬೀಳುತ್ತಿದೆ. ನಾಳೆ ನಬೀಸಾ ಬರಿಗೈಯಲ್ಲಿ ಆರಿಸುತ್ತಾಳೆ. ಒಂದು ದಿನ ಹೆಂಡತಿ ಏಳುವ ಮೊದಲೇ ಎಲ್ಲವನ್ನೂ ಗುಡಿಸಿ ಹೊಳೆಗೆ ಹಾಕಿದರು.

ನಬೀಸಾ ಐದನೆಯ ದಿನ ಜಗಲಿಯಲ್ಲಿ ಎದುರಿಗೆ ಬಂದು ಕೂತರು.

“ಕೇಳಿತಾ, ನಿಮಗೆ ಎಂತ ಆಗಿದೆ?”

“ಎಂತ ಇಲ್ಲ.”

“ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ನೀವು ನನ್ನ ಮೇಲೆ ಸಿಟ್ಟಾಗಿ ಊಟ ಬಿಟ್ಟದ್ದುಂಟು. ಮಾತು ಬಿಟ್ಟದ್ದುಂಟು. ಎಲೆಅಡಿಕೆ ಬಿಟ್ಟದ್ದಿಲ್ಲ.”

ಪುತ್ತುಬ್ಬ ತಮ್ಮ ಚೊಂಬನ್ನು ಈಚೆಗೆ ಎಳೆದುಕೊಂಡರು. ಎಲೆಅಡಿಕೆ ಜಗಿದರೆ ಉಗುಳು ಕೆಂಪಾಗುತ್ತದೆ. ಕೆಂಪಿನೊಳಗೆ ರಕ್ತ ಕಾಣುವುದಿಲ್ಲ.

“ಎಲೆಅಡಿಕೆ ತಟ್ಟೆ ಖಾಲಿಯಾಯ್ತಾ, ಇಲ್ಲ ಆಫೀಸರ್ ಆದ ಮೇಲೆ ಸಿಗರೇಟು ಶುರುವಾ?” ನಬೀಸಾ ನಗಿಸಲು ನೋಡಿದರು. ಗಂಡನ ಮುಖ ನೋಡಿ ಸ್ವರ ಇಳಿಯಿತು. “ಹೇಳಿ. ನಾನು ಅವಳಿಗೆ ಹೇಳುವುದಿಲ್ಲ.”

ಅವರು ಹೇಳಿದರು. ನೂಲು, ಉಪ್ಪು, ಹದಿನೇಳು. ನಬೀಸಾ ಅಳಲಿಲ್ಲ. ತಲೆಯ ಮೇಲಿನ ಬಟ್ಟೆಯನ್ನು ಎಳೆದು ಬಾಯಿಗೆ ಹಿಡಿದುಕೊಂಡರು. ಒಳಗೆ ಝೈನಬ್ ತೊಟ್ಟಿಲ ಬಟ್ಟೆ ಮಡಚುತ್ತಾ ಏನೋ ಗುನುಗುತ್ತಿದ್ದಳು.

“ಬಾಂಗ್ ಹೇಳುವುದು ಯಾರು ಮತ್ತೆ?” ಎಂದರು ನಬೀಸಾ.

“ಮಸೀದಿಯ ಉಸ್ತಾದರಿಗೆ ಹೇಳಿ ಕಳಿಸುವ.”

“ಅವಳು ನಿಮ್ಮ ಸ್ವರಕ್ಕೆ ಕಾಯ್ತಾ ಇದ್ದಾಳೆ. ಬೇರೆ ಸ್ವರ ಕೇಳಿದರೆ ಮಗುವಿಗೆ ಎಂತದೋ ಆಗಿದೆ ಅಂತ ತಿಳೀತಾಳೆ. ಗೊತ್ತುಂಟಲ್ಲ ಅವಳ ಮನಸ್ಸು?”

ಗೊತ್ತಿತ್ತು. ಅದಕ್ಕೇ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ತಾವು ಸಾಯುವುದು ಒಂದು ಹೆದರಿಕೆ, ಅದಕ್ಕೆ ಒಂದು ಅಂಚು ಇದೆ. ಇದಕ್ಕೆ ಅಂಚೇ ಇರಲಿಲ್ಲ. ಕೈಯಷ್ಟು ಹತ್ತಿರದಲ್ಲಿ ಒಂದು ಸಣ್ಣ ಕಿವಿ, ಅದರ ಹತ್ತಿರ ತಮ್ಮ ಬಾಯಿ.

ಎಂಟನೆಯ ದಿನ ತಲೆ ನೋಯತೊಡಗಿತು. ಬಿಸಿಲಿನದಿರಬಹುದು. ಅವರು ಬಸ್ಸು ಹತ್ತಿದರು. ಮಣಿಪಾಲದಲ್ಲಿ ಇಳಿದು ಆಸ್ಪತ್ರೆಯ ಗೇಟಿನ ಎದುರು ಸ್ವಲ್ಪ ಹೊತ್ತು ನಿಂತರು. ಬಿಳಿ ಕೋಟಿನ ಹುಡುಗರು ನಗುತ್ತಾ ರಸ್ತೆ ದಾಟುತ್ತಿದ್ದರು. ಯಾರಲ್ಲಿ ಏನು ಕೇಳುವುದೆಂದು ತಿಳಿಯದೆ ಪರ್ಕಳದ ಕಡೆಗೆ ನಡೆದೇ ಹೋದರು. ಅಲ್ಲಿ ಅಂಗಡಿಗಳ ಮೇಲಿನ ಬಾಡಿಗೆ ಕೋಣೆಯಲ್ಲಿ ಮೌರಿಸರ ತಂಡ ಬಿಡಾರ ಮಾಡಿತ್ತು.

“ಹದಿನೇಳು ಎಂತ ಆಯ್ತು?” ಎಂದು ಬಾಗಿಲಲ್ಲೇ ಕೇಳಿದರು.

“ಯಾವ ಹದಿನೇಳು? ಕೂತುಕೊಳ್ಳಿ ಮಾರಾಯ್ರೆ, ಬೆವರಿದ್ದೀರಿ.”

“ಮರಿ ಇದ್ದದ್ದು.” ಅವರು ತಮ್ಮ ಮೇಲ್ದುಟಿ ಎತ್ತಿ ಹಲ್ಲಿನ ಗೆರೆ ತೋರಿಸಿದರು. “ಗ್ಲೌಸಿನಲ್ಲಿ ಆಗಲಿಲ್ಲ. ಇದರಲ್ಲಿ ಹಿಡಿದೆ.”

ಮೌರಿಸರ ಕೈಯಲ್ಲಿದ್ದ ಪೆನ್ನು ನಿಂತಿತು. ಅವರು ಗದರಿಸಬಹುದೆಂದು ಪುತ್ತುಬ್ಬ ಕಾದರು. ಗದರಿಸಿದ್ದರೆ ಒಳ್ಳೆಯದಿತ್ತು. ಮೌರಿಸ್ ಮೆಲ್ಲನೆ ಎದ್ದು ಬಾಗಿಲು ಮುಚ್ಚಿದರು. ಥರ್ಮಾಮೀಟರ್ ಕೊಡಲು ಹೋಗಿ, ಏನೋ ನೆನಪಾಗಿ, ಬಾಯಿಗೆ ಬೇಡ, ಕಂಕುಳಿಗೆ ಇಡಿ ಎಂದರು. ಆ ಒಂದು ಮಾತು ಪುತ್ತುಬ್ಬರ ಎದೆಯೊಳಗೆ ತಣ್ಣಗೆ ಇಳಿಯಿತು.

ಜ್ವರ ಇರಲಿಲ್ಲ. ಮೌರಿಸ್ ತೋಳಿನಿಂದ ರಕ್ತ ತೆಗೆದರು. ಇದು ಒಂದು, ಮೂರು ವಾರ ಬಿಟ್ಟು ಇನ್ನೊಂದು, ಎರಡನ್ನೂ ಹೋಲಿಸಿದರೆ ಮಾತ್ರ ಏನಾದರೂ ತಿಳಿಯುತ್ತದೆ ಎಂದರು.

“ನನ್ನಿಂದ ಇನ್ನೊಬ್ಬರಿಗೆ ಬರ್ತದಾ?”

“ಮನುಷ್ಯನಿಂದ ಮನುಷ್ಯನಿಗೆ ಬಂದದ್ದು ನಾವು ನೋಡಿಲ್ಲ. ಉಣ್ಣಿ ಕಚ್ಚಿಯೇ ಬರುವುದು.”

“ಬಾವಲಿಯಿಂದ ಮನುಷ್ಯನಿಗೆ?”

“ಅದೇ ಗೊತ್ತಿಲ್ಲ” ಎಂದರು ಮೌರಿಸ್. “ಗೊತ್ತಿದ್ದರೆ ನಿಮ್ಮನ್ನು ಕರೀತಿರಲಿಲ್ಲ ಅಲ್ವಾ? ಹದಿನೇಳನ್ನು ಮೊದಲು ನೋಡಲಿಕ್ಕೆ ಲ್ಯಾಬಿಗೆ ಫೋನಿನಲ್ಲಿ ಹೇಳ್ತೇನೆ. ತಿಳಿದ ಕೂಡಲೇ ನಾನೇ ಬರ್ತೇನೆ.”

*

ಹನ್ನೆರಡನೆಯ ದಿನ ಬೆಳಿಗ್ಗೆ ಝೈನಬ್‌ಗೆ ನೋವು ಕಾಣಿಸಿತು. ರುಕಿಯಮ್ಮ ಕಾಪುವಿನಿಂದ ಮೊದಲ ಬಸ್ಸಿಗೆ ಬಂದರು. ಪುತ್ತುಬ್ಬ ಹೆಗಲ ಬೈರಾಸನ್ನು ಬಾಯಿಗೆ ಸುತ್ತಿಕೊಂಡು, ಅಂಗಳದ ತುದಿಯಲ್ಲಿ, ಹೊನ್ನೆಮರದ ಬುಡದಲ್ಲಿ ನಿಂತರು. “ಹಲ್ಲುನೋವಾ ಬ್ಯಾರಿಗಳೇ?” ಎಂದು ರುಕಿಯಮ್ಮ ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದರು. ನಬೀಸಾ ಉಸ್ತಾದರಿಗೆ ಹೇಳಿ ಕಳಿಸಲಿಲ್ಲ. ಯಾಕೆಂದು ಪುತ್ತುಬ್ಬ ಕೇಳಲೂ ಇಲ್ಲ. ಒಳಗಿನ ಪ್ರತಿ ಕೂಗಿಗೂ ಅವರು ಕಾಂಡವನ್ನು ಉಗುರಿನಿಂದ ಒತ್ತಿ ಹಿಡಿಯುತ್ತಿದ್ದರು. ಕೂಗು ನಿಂತಾಗ ಇನ್ನೂ ಹೆದರಿಕೆ. ಆ ಸಲವೂ ಹೀಗೇ ನಿಂತಿತ್ತು.

ಹತ್ತು ಗಂಟೆಯ ಹೊತ್ತಿಗೆ ಮೌರಿಸ್ ಹೈವೇಯಲ್ಲಿ ಬಸ್ಸಿನಿಂದಿಳಿದು ಗದ್ದೆಯ ಬದುವಿನ ಮೇಲೆ ಬರುವುದು ಕಂಡಿತು. ಅವರ ನಡಿಗೆ ನೋಡಿಯೇ ಪುತ್ತುಬ್ಬರಿಗೆ ಗೊತ್ತಾಯಿತು.

“ಉಂಟು” ಎಂದರು ಮೌರಿಸ್. “ಒಟ್ಟು ಹಿಡಿದ ನಲವತ್ತು ಬಾವಲಿಯಲ್ಲಿ ಮೂರಕ್ಕೆ. ಹದಿನೇಳು ಅದರಲ್ಲಿ ಒಂದು.”

ಪುತ್ತುಬ್ಬ ಮರಕ್ಕೆ ಒರಗಿದರು.

“ಪೂರ್ತಿ ಕೇಳಿ. ಉಂಟು ಅಂದರೆ ಗುರುತು. ಅದಕ್ಕೆ ಯಾವಾಗಲೋ ರೋಗ ತಾಗಿದೆ, ಅದು ಗೆದ್ದಿದೆ. ನಾನು ಹೇಳಿದ್ದೆನಲ್ಲ, ಗೆರೆ ಉಂಟು, ನೂಲಿಲ್ಲ.”

“ಆ ದಿನ ಬೆಳಿಗ್ಗೆ ನೂಲು ಇರಲಿಲ್ಲ ಅಂತ ಹೇಳ್ತೀರಾ?”

“ಇರುವ ಸಾಧ್ಯತೆ ಕಡಿಮೆ. ಮತ್ತೆ ಹನ್ನೆರಡು ದಿನ ಆಯ್ತು, ನಿಮಗೆ ಜ್ವರ ಬಂದಿಲ್ಲ.”

“ಕಡಿಮೆ ಅಂದರೆ ಇಲ್ಲ ಅಂತವಾ?”

ಮೌರಿಸ್ ಹೊಳೆಯ ಕಡೆ ನೋಡಿದರು. ಇಳಿತದ ಹೊತ್ತು, ನೀರು ಸದ್ದಿಲ್ಲದೆ ಕಡಲಿಗೆ ಹೋಗುತ್ತಿತ್ತು.

“ಬಾವಲಿ ಹಿಡಿದ ದಿನ ಮನೆಗೆ ಹೋಗಿ ನಾನು ಮೂರು ಸಲ ಮಿಂದೆ, ಬ್ಯಾರಿಗಳೇ. ಆಮೇಲೂ ಎರಡು ದಿನ ನನ್ನ ಮಗಳನ್ನು ಎತ್ತಿಕೊಳ್ಳಲಿಲ್ಲ. ಗ್ಲೌಸ್ ಹಾಕಿಕೊಂಡಿದ್ದವನು ನಾನು” ಎಂದರು. “ಇಲ್ಲ ಅಂತ ಹೇಳಲಿಕ್ಕೆ ನನಗೆ ಆಗುವುದಿಲ್ಲ.”

ಆಗ ಒಳಗಿನಿಂದ ಸ್ವರ ಬಂತು. ಸಣ್ಣದು, ಒಡೆದದ್ದು, ಸಿಟ್ಟಿನದು. ಒಮ್ಮೆ ನಿಂತು ಮತ್ತೆ ಬಂತು. ಪುತ್ತುಬ್ಬ ಮರ ಬಿಟ್ಟು ಮನೆಯ ಕಡೆಗೆ ತಿರುಗಿದರು. ಬೈರಾಸಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

ನಬೀಸಾ ಬಾಗಿಲಿಗೆ ಬಂದರು. “ಹೆಣ್ಣು” ಎಂದರು. ಆಮೇಲೆ ಗಂಡನನ್ನೂ ಮೌರಿಸರನ್ನೂ ನೋಡಿ, ಹೊಸ್ತಿಲ ಮೇಲೆಯೇ ನಿಂತರು. ಒಳಗಿನಿಂದ ಝೈನಬ್‌ಳ ಸೋತ ದನಿ ಕೇಳಿತು: “ಉಮ್ಮ, ಉಪ್ಪ ಎಲ್ಲಿ? ಯಾಕೆ ಬರುವುದಿಲ್ಲ? ಮಗುವಿಗೆ ಎಂತ ಆಯ್ತು?”

ಪುತ್ತುಬ್ಬ ಹೊಳೆಗೆ ಇಳಿದರು. ಬೈರಾಸು ಬಿಚ್ಚಿ ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಮುಖ ತೊಳೆದರು. ಚಿಪ್ಪಿಗೆ ಉಗಿದು ನೋಡಿದರು, ನೀರಿನ ಬಣ್ಣ. ಮತ್ತೊಮ್ಮೆ ನೋಡಿದರು. ಮೇಲೆ ಬಂದಾಗ ಅವರ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಮನೆಯ ಪಕ್ಕದ ಕಿಟಕಿಯನ್ನು, ಅದರ ಮರದ ಸರಳುಗಳನ್ನು, ಅಲ್ಲಿಂದ ಅಂಗಳದ ಬಾವಿಕಟ್ಟೆಯವರೆಗಿನ ದೂರವನ್ನು ಬಲೆ ಅಳೆಯುವವರ ಕಣ್ಣಿನಿಂದ ಅಳೆದರು. ಬಾಗಿ ಒಂದು ಹಿಡಿ ಒಣ ಮರಳು ಎತ್ತಿ ಬಿಟ್ಟರು. ಗಾಳಿ ಅದನ್ನು ಮನೆಯಿಂದ ಹೊಳೆಯ ಕಡೆಗೆ ಒಯ್ದಿತು.

“ನಬೀಸಾ, ಆ ಕಿಟಕಿ ತೆಗೆ” ಎಂದರು. ಹನ್ನೆರಡು ದಿನದಲ್ಲಿ ಅವರ ಸ್ವರ ಮೊದಲ ಸಲ ಮನೆಯೊಳಗೆ ಕೇಳುವಷ್ಟು ಎದ್ದಿತ್ತು. “ಮಗುವಿನ ಬಲಗಿವಿ ಈಚೆಗೆ ಬರುವ ಹಾಗೆ ಹಿಡಿದುಕೊಳ್ಳಲಿಕ್ಕೆ ರುಕಿಯಮ್ಮನಿಗೆ ಹೇಳು.”

ನಬೀಸಾ ಓಡಿದರು. ಪುತ್ತುಬ್ಬ ಮೌರಿಸರ ಕಡೆಗೆ ತಿರುಗಿದರು.

“ಸ್ವರಕ್ಕೆ ರೋಗ ಇಲ್ಲವಲ್ಲ ಪೊರ್ಬುಗಳೇ? ನಾನು ಬಾವಿಕಟ್ಟೆಯ ಆಚೆ ನಿಲ್ತೇನೆ, ಗಾಳಿ ಮನೆಯಿಂದ ನನ್ನ ಕಡೆಗೆ ಬರ್ತಾ ಉಂಟು, ಅಲ್ಲಿ ನಿಂತು ಗಟ್ಟಿಯಾಗಿ ಬಾಂಗ್ ಹೇಳಿದರೆ ಮಗಳಿಗೂ ಕೇಳ್ತದೆ, ಮಗುವಿಗೂ ಕೇಳ್ತದೆ, ನೀವು ಇಲ್ಲೇ ನಿಂತು ನೋಡಿ, ನಾನು ಒಂದು ಹೆಜ್ಜೆ ಹೆಚ್ಚು ಹತ್ತಿರ ಹೋದರೂ ನನ್ನನ್ನು—” ಎನ್ನುತ್ತಲೇ, ಕಿಟಕಿಯ ಬಾಗಿಲು ಕಿರುಗುಟ್ಟಿದ್ದು ಕೇಳಿ, ಅವರು ಎರಡೂ ಕೈಗಳನ್ನು ಕಿವಿಯ ಕಡೆಗೆ ಎತ್ತುತ್ತಾ ಬಾವಿಕಟ್ಟೆಯತ್ತ ನಡೆದುಬಿಟ್ಟರು.